ಆಯಿ ಡಾಬು, ನಮ್ಮ ನಡು

ಅಕ್ಕಗೋಳ್ರಿ, ತಂಗಿಗೋಳ್ರಿ, ಹೋದ ಸಲ ಉಪ್ಪಿನಕಾಯಿ ಬಗ್ಗೆ ಬರದಾಗ ನಮ್ಮ ವೈನಿ ಕೇಳಿದ್ರು, "ನೀ ಎಲ್ಲಾ ಬರೀತಿ, ಆ ಡಾಬಿನ ಕಥಿ ಯಾವಾಗ ಬರೀತಿ?" ಅಂತ. ಡಾಬಿನ ಕಥಿ ಅಂದ್ರ ನನ್ನ ಹೊಟ್ಟಿ ಕಥಿ, ನಮ್ಮ ಮನಿ ಸಾಲದ ಕಥಿ. ಎರಡೂ ನಾಕ ಮಂದಿ ಮುಂದ ಹೇಳೂದಲ್ಲ. ಆದ್ರೂ ಹೇಳತೀನಿ, ಯಾಕಂದ್ರ ಇದು ನನ್ನೊಬ್ಬಾಕಿದು ಅಲ್ಲ ಅಂತ ನನಗ ಖಾತ್ರಿ ಐತಿ.

2022ರಾಗ, ಯುಗಾದಿಗೆ ಹದಿನೈದು ದಿನ ಮುಂಚೆ, ಮಗಳ ಕುಬಸ ಇತ್ತು. ಟ್ರಂಕಿನ್ಯಾಗಿಂದ ನಮ್ಮ ಆಯಿ ಡಾಬು ತಗದು ಹುಣಸಿಹಣ್ಣು ಹಚ್ಚಿ ತಿಕ್ಕಿ ನಡಕ್ಕ ಇಟ್ಟುಕೊಂಡ್ರ, ಕೊಂಡಿಗೆ ಕೊಂಡಿ ಮುಟ್ಟಲೇ ಇಲ್ಲ. ಒಂದು ಗೇಣು ಕಡಿಮಿ. ಉಸಿರು ಒಳಗ ಎಳದೆ, ಅಳಿಯನ ತಂಗಿ ಹಿಂದಿಂದ ಜಗ್ಗಿದಳು, ಆಗಲಿಲ್ಲ. "ಬೆಳ್ಳಿ ಸಣ್ಣದಾಗೈತಿ ಬಿಡು ಯವ್ವ" ಅಂತ ಯಾರೋ ಅಂದ್ರು, ಎಲ್ಲಾರೂ ನಕ್ಕರು, ನಾನೂ ನಕ್ಕೆ. ಅದೇ ವಾರ ದವಾಖಾನಿಗೆ ಹೋಗಿದ್ದೆ. ತೂಕ 79 ಕೆಜಿ, ಸಕ್ರಿ ರೋಗದ ಹೊಸ್ತಿಲಿಗೆ ಬಂದು ನಿಂತೀರಿ ಅಂದ್ರು ಡಾಕ್ಟರ್ ಬಾಯಿ. ಅದೇ ವಾರ ನಮ್ಮ ಮನಿಯವರು ಮಗಳ ಮದುವಿ ಸಾಲದ ಲೆಕ್ಕ ತಗದು ಮುಂದ ಇಟ್ಟರು. 1,80,000 ರೂಪಾಯಿ, ನೂರಕ್ಕ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಬಡ್ಡಿನೇ ತಿಂಗಳಿಗೆ 3,600. ಹೊಟ್ಟಿನೂ ಸಾಲನೂ ಯಾವಾಗ ಇಷ್ಟು ಬೆಳದುವು ಅಂತ ಅವತ್ತು ರಾತ್ರಿ ಬಾಳ ಹೊತ್ತು ನಿದ್ದಿ ಬರಲಿಲ್ಲ.

ಡಾಬು ಮಾಡಿಸಿದ್ದು ನಮ್ಮವ್ವನ ಅವ್ವ. ಆಗ ನಮ್ಮೂರು ಗುರುಗುಂಟಾ ಒಂದು ಸಂಸ್ಥಾನ. ನಾಯಕರ ಮನೆತನ, ಮ್ಯಾಲ ಹೈದರಾಬಾದಿನ ನಿಜಾಮ. ಅದಕ್ಕಿಂತ ಮುಂಚೆ ಲಿಂಗಸೂಗೂರೇ ಒಂದು ಜಿಲ್ಲಾ ಆಗಿತ್ತು, 1905ರಾಗ ಅದನ್ನ ಮುರದು ರಾಯಚೂರಿಗೆ ಸೇರಿಸಿದ್ರು. ನಡಿತಿದ್ದ ರೊಕ್ಕ ನಿಜಾಮರ ಹಾಲಿ ಸಿಕ್ಕಾ, ಚಾರ್‌ಮಿನಾರ್ ಇರೋ ಬೆಳ್ಳಿ ರೂಪಾಯಿ. ಇಂಗ್ರೇಜರ ಆರು ರೂಪಾಯಿಗೆ ನಿಜಾಮರವು ಏಳು ಕೊಡಬೇಕಿತ್ತು. ನಾವು 1948ರಾಗ ಹಿಂದೂಸ್ತಾನಕ್ಕ ಸೇರಿದ ಮ್ಯಾಲೂ ಆ ರೂಪಾಯಿ 1959ರ ತನ ಅಷ್ಟಿಷ್ಟು ನಡೀತು ಅಂತಾರ.

ಈಗಿನ ಹುಡುಗರಿಗೆ ಗೊತ್ತಿಲ್ಲದ ಮಾತು ಒಂದೈತಿ. ಆಗ ರೂಪಾಯಿ ಅಂದ್ರ ರೊಕ್ಕ ಅಷ್ಟೇ ಅಲ್ಲ, ತೂಕನೂ ಹೌದು. ಇಂಗ್ರೇಜರ ಒಂದು ರೂಪಾಯಿ ಅಂದ್ರ ಒಂದು ತೊಲಿ, ಎಂಬತ್ತು ತೊಲಿಗೆ ಒಂದು ಸೇರು, ನಲವತ್ತು ಸೇರಿಗೆ ಒಂದು ಮಣ. ನಿಜಾಮರ ರೂಪಾಯಿ ತೊಲಿಗಿಂತ ಒಂಚೂರು ಹಗುರ. ತಕ್ಕಡಿಯ ಒಂದು ಕಡಿ ರೂಪಾಯಿ ಇಟ್ಟು ಇನ್ನೊಂದು ಕಡಿ ಆಭರಣ ತೂಗತಿದ್ರು. 1957ರಾಗ ನಯಾಪೈಸಾ ಬಂತು, ಆಮ್ಯಾಲ ಕಿಲೋ ಬಂತು, ಆವಾಗಿಂದ ತೂಕ ಬ್ಯಾರೆ, ರೊಕ್ಕ ಬ್ಯಾರೆ ಆದವು. ನಮ್ಮ ಆಯಿ ಮಾತ್ರ ಸಾಯೋ ತನ "ನಲವತ್ತು ರೂಪಾಯಿ ಡಾಬು" ಅಂತಿದ್ದಳು. ಬೆಲಿ ಅಂತ ನಾವು ತಿಳಕೊಂಡಿದ್ವಿ, ಅದು ತೂಕ.

ಕೂಲಿ ಮಾಡೋ ಹೆಣ್ಣುಮಗಳಿಗೆ ನಲವತ್ತು ಬೆಳ್ಳಿ ರೂಪಾಯಿ ಎಲ್ಲಿಂದ ಬಂದ್ವು? ಅವ್ವ ಹೇಳತಿದ್ದಳು. ದಿನಾ ಬೀಸಾಕ ಜೋಳ ತಗೊಂಡಾಗ ಆಯಿ ಅದರಾಗ ಒಂದು ಹಿಡಿ ತಗದು ಅಡಿಗಿಮನಿ ಮೂಲ್ಯಾಗಿನ ಗಡಿಗಿಗೆ ಹಾಕತಿದ್ದಳಂತ. ಮನಿಮಂದಿ ಯಾರಿಗೂ ಆ ಹಿಡಿ ಕಡಿಮಿ ಬಿದ್ದದ್ದು ಗೊತ್ತಾಗತಿದ್ದಿಲ್ಲ. ನನ್ನ ಹಿಡಿಲಿಂದ ತೂಗಿ ನೋಡೀನಿ, ಸುಮಾರು 50 ಗ್ರಾಂ ಬೀಳತೈತಿ. ವರ್ಷಕ್ಕ 18 ಕೆಜಿ ಆತು. ಸುಗ್ಗಿ ದೂರ ಇರೋವಾಗ, ಜೋಳದ ರೇಟು ಏರಿದಾಗ ಮಾರತಿದ್ದಳು. ಮಾರಿ ಬಂದ ಬೆಳ್ಳಿ ರೂಪಾಯಿ ಒಲಿ ಹಿಂದ ನೆಲದಾಗ ಹೂತಿಡತಿದ್ದಳು. ಹನ್ನೊಂದು ವರ್ಷ ಹಿಡೀತಂತ ನಲವತ್ತು ಆಗಾಕ. ಆಮ್ಯಾಲ ಪತ್ತಾರನ ಮುಂದ ಕುಂತು, ಅಲ್ಲೇ ಕರಗಿಸಿ, ಅಲ್ಲೇ ಮಾಡಿಸಿಕೊಂಡು ಬಂದಳು. ಕಣ್ಣ ಮುಂದ ಮಾಡಿಸದಿದ್ರ ತಾಮ್ರ ಕೂಡಿಸತಾನ ಅಂತ ಆಕಿಗೆ ನಂಬಿಕಿ. (ಮೊನ್ನೆ ಈಗಿನ ಪತ್ತಾರ ಉಜ್ಜಿ ನೋಡಿ "ಇದು ಅಪ್ಪಟ ಬೆಳ್ಳಿ ಅಲ್ಲ ಬಾಯಿ" ಅಂದ. ನಾಣ್ಯದಾಗನ ಅಷ್ಟು ಕಲಬೆರಕಿ ಇತ್ತಂತ. ಆಯಿ ಇದ್ದಿದ್ರ ನಿಜಾಮಗನ ಬೈತಿದ್ದಳು.)

ಆ ಕಾಲಕ್ಕ ತೂಕ ಇರೋದು ಅಂದ್ರ ಮರ್ಯಾದಿ. "ಸೊಸಿ ಮೈಕೈ ತುಂಬಿಕೊಂಡಾಳ" ಅಂದ್ರ ಅತ್ತಿ ಮನಿಗೆ ಹೊಗಳಿಕಿ. ಹಂಪಿಗೆ ಹೋದವರು ವಿಠ್ಠಲ ಗುಡಿ ಹತ್ರ ಎರಡು ಕಂಬದ ಮ್ಯಾಲೊಂದು ತೊಲಿ ಇರೋ ರಾಜನ ತುಲಾಭಾರ ನೋಡೀರಿ. ಅಲ್ಲಿ ರಾಜ ಬಂಗಾರ, ಮುತ್ತು, ರತ್ನದ ಜೋಡಿ ತೂಗಿಸಿಕೊಂಡು ದಾನ ಮಾಡತಿದ್ದ ಅಂತ ಹೇಳತಾರ. ರಾಜ ದಪ್ಪ ಇದ್ದಷ್ಟು ದಾನ ತಗೊಳ್ಳೋರಿಗೆ ಲಾಭ. ನಾವೂ ಮಕ್ಕಳನ್ನ ಬೆಲ್ಲದಾಗ ತೂಗಿಸತೀವಲ್ಲ, ಕೂಸು ತೂಕ ಬಂದ್ರ ಖುಷಿ ಪಡತೀವಿ. ಇದು ಸುಮ್ಮನೆ ಹುಟ್ಟಿದ ರೂಢಿ ಅಲ್ಲ. ಕೃಷ್ಣಾ ತುಂಗಭದ್ರಾ ನಡುವಿನ ನಮ್ಮ ಸೀಮಿ ಬರದ ಸೀಮಿ. ಎರಡೂ ಕಡಿ ಹೊಳಿ ಹರಿತಾವ, ನಡುವ ನೀರಿಲ್ಲ. ಎರಿ ಹೊಲದಾಗ ಒಂದು ಮಳಿ ತಪ್ಪಿದ್ರ ಮುಗೀತು. ಮೈ ತುಂಬಿದಾಕಿ ಬರ ದಾಟತಾಳ, ಬಡಕಿ ದಾಟೂದಿಲ್ಲ. ಕಣ್ಣಿಂದ ನೋಡಿ ಕಲತ ಲೆಕ್ಕ ಅದು.

ಅದರಾಗ ದೊಡ್ಡ ಬರ 1876ರಿಂದ 78ರ ತನ ಬಿತ್ತು. ಮೈಸೂರು ಸಂಸ್ಥಾನದಾಗ ಐದು ಮಂದಿಗೆ ಒಬ್ಬರಂಗ ಸತ್ತರು ಅಂತ ಲೆಕ್ಕ ಐತಿ. ನಮ್ಮ ರಾಯಚೂರು, ಲಿಂಗಸೂಗೂರು ಕಡಿನೂ ಬಿಡಲಿಲ್ಲ. ಹೊಳಿ ಆಚೆ ಬಳ್ಳಾರಿ ಆಗ ಮದ್ರಾಸ್ ಸರಕಾರದ್ದು. ಅಲ್ಲಿ ಬರದ ಕೆಲಸಕ್ಕ ಬಂದೋರಿಗೆ ಎಷ್ಟು ಕೂಲಿ ಕೊಡಬೇಕು ಅಂತ ನೋಡಾಕ ಸರ್ ರಿಚರ್ಡ್ ಟೆಂಪಲ್ ಅನ್ನೋ ಸಾಹೇಬನ್ನ 1877ರಾಗ ಕಳಿಸಿದ್ರು. ಅವ ಒಬ್ಬ ಗಂಡಾಳಿಗೆ ದಿನಕ್ಕ ಒಂದು ಪೌಂಡ್ ಧಾನ್ಯ, ಮ್ಯಾಲ ಸಣ್ಣ ರೊಕ್ಕ ಸಾಕು ಅಂತ ಇಳಿಸಿಬಿಟ್ಟ. ಪೌಂಡ್ ಅಂದ್ರ ನಮ್ಮ 450 ಗ್ರಾಂ. ಮದ್ರಾಸಿನ ಆರೋಗ್ಯದ ಅಧಿಕಾರಿ ಡಾಕ್ಟರ್ ಕಾರ್ನಿಶ್ ಇದಕ್ಕ ತಕರಾರು ತಗದ. ಕಲ್ಲು ಒಡಿಯೋ ಮೈಗೆ ಒಂದೂವರಿ ಪೌಂಡ್ ಬೇಕು, ಜೊತಿಗೆ ಬ್ಯಾಳಿ ಕಾಯಿಪಲ್ಯ ಬೇಕು ಅಂದ. ಕೆಲವು ತಿಂಗಳಾದ ಮ್ಯಾಲ ಕೂಲಿ ಏರಿಸಿದ್ರು. ಆ ತಿಂಗಳುಗಳಾಗ ಸತ್ತವರು ಸತ್ತರು.

ಈ 450 ಗ್ರಾಂ ನನಗ ಬಾಳ ದಿನ ತಲ್ಯಾಗ ಉಳೀತು. 450 ಗ್ರಾಂ ಜೋಳದಾಗ ಸುಮಾರು 1,500 ಕ್ಯಾಲೊರಿ ಶಕ್ತಿ ಇರತೈತಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2020ರಾಗ ಕೊಟ್ಟ ಲೆಕ್ಕದಾಗ, ಕುಂತು ಕೆಲಸ ಮಾಡೋ 55 ಕೆಜಿ ಹೆಣ್ಣುಮಗಳಿಗೆ ದಿನಕ್ಕ 1,660 ಬೇಕು. ಅಂದ್ರ ಟಿವಿ ಮುಂದ ಕುಂತ ನನಗ ಬೇಕಾದದ್ದಕ್ಕಿಂತ ಕಡಿಮಿ ತಿಂದು ಆ ಗಂಡಸರು ಕೆರಿ ಅಗದಾರ. ಉಳಿದ ಶಕ್ತಿ ಎಲ್ಲಿಂದ ಬಂತು? ಮೈಯಾಗಿಂದ. ಮೈಯಾಗಿನ ಕೊಬ್ಬು ತೀರಿದ ಮ್ಯಾಲ ಖಂಡದಿಂದ.

ಆ ಬರಕ್ಕ ಹದಿಮೂರು ವರ್ಷ ಮುಂಚೆ, 1863ರಾಗ, ಲಂಡನ್ನಿನ್ಯಾಗ ವಿಲಿಯಂ ಬ್ಯಾಂಟಿಂಗ್ ಅನ್ನೋ ಮುದುಕ ತಾನು ಹೆಂಗ ತೆಳ್ಳಗಾದೆ ಅಂತ ಒಂದು ಸಣ್ಣ ಪುಸ್ತಕ ಬರದು ಹಂಚಿದ. ರಾಜಮನೆತನದವರ ಮಣ್ಣಿನ ವ್ಯವಸ್ಥಾ ನೋಡೋ ಮನಿಯವ ಅವ. ಬಗ್ಗಿ ಬೂಟಿನ ಲಾಡಿ ಕಟ್ಟಾಕ ಬರತಿದ್ದಿಲ್ಲ, ಪಾವಟಿಗಿ ಇಳಿಯಾಕ ಹಿಮ್ಮುಖ ನಡಿತಿದ್ದ. ಬ್ರೆಡ್ಡು, ಸಕ್ರಿ, ಬೀರು, ಬಟಾಟಿ ಬಿಟ್ಟು ಒಂದು ವರ್ಷದಾಗ 20 ಕೆಜಿ ಇಳಿಸಿದ. ಒಂದು ವಾರಕ್ಕ ಅರ್ಧ ಕೆಜಿನೂ ಇಲ್ಲ ನೋಡ್ರಿ. ತೂಕ ಇಳಿಸೋ ಪುಸ್ತಕಗಳಾಗ ಮೊದಲು ಊರೆಲ್ಲಾ ಹೆಸರಾದದ್ದು ಅದೇ ಅಂತಾರ. ಒಂದೇ ರಾಣಿ ಕಾಲ. ಅಲ್ಲಿ ಅವರು ಮೈ ಇಳಿಸಾಕ ಹೆಣಗತಿದ್ರು, ಇಲ್ಲಿ ನಮ್ಮವರು ಎಲುಬಿನ ಹಂದರ ಆಗಿ ಹೊಳಿ ದಾಟತಿದ್ರು.

ಇಂಥಾ ಸೀಮ್ಯಾಗ ಜನ ಕಂಡುಕೊಂಡ ಉಪಾಯ ಹಗೇವು. ಸಣ್ಣವರಿಗೆ ಹೇಳತೀನಿ, ಹಗೇವು ಅಂದ್ರ ನೆಲದಾಗ ಬಾವಿ ಹಂಗ ತೋಡಿದ ಜೋಳದ ಕಣಜ. ಬಾಯಿ ಸಣ್ಣದು, ಒಬ್ಬ ಮನಷ್ಯಾ ಇಳಿಯೋ ಅಷ್ಟು, ಒಳಗ ಗಡಿಗಿ ಹೊಟ್ಟಿ ಹಂಗ ಅಗಲ. ತಳಕ್ಕ, ಗ್ವಾಡಿಗೆ ಹುಲ್ಲು ಹೊದಿಸಿ ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಇಟ್ಟು ಮಣ್ಣು ಮೆತ್ತತಿದ್ರು. ಒಳ್ಳೇ ಹಗೇವಿನ್ಯಾಗ ಜೋಳ ವರ್ಷಗಟ್ಟಲೆ ಇರತಿತ್ತು. ನಮ್ಮ ತವರುಮನಿ ಅಂಗಳದಾಗೂ ಒಂದು ಇತ್ತು, ನಾನು ಸಣ್ಣಾಕಿದ್ದಾಗ ಮುಚ್ಚಿಸಿ ಮ್ಯಾಲ ತುಳಸಿಕಟ್ಟಿ ಕಟ್ಟಿದ್ರು. ಹಗೇವು ತೆಗಿಯೂದರಾಗ ಒಂದು ಕಟ್ಟಳಿ ಇತ್ತು. ಕಲ್ಲು ಸರಿಸಿದ ಕೂಡಲೆ ಇಳಿಬಾರದು. ಒಳಗ ಕೆಟ್ಟ ಗಾಳಿ ತುಂಬಿರತೈತಿ. ಒಂದೊಪ್ಪತ್ತು ತೆರದು ಬಿಡಬೇಕು, ಕಂದೀಲು ಹಗ್ಗಕ್ಕ ಕಟ್ಟಿ ಇಳಿಸಬೇಕು, ದೀಪ ಆರಿದ್ರ ಇನ್ನಾ ಕಾಯಬೇಕು. ಅವಸರ ಮಾಡಿ ಇಳದು ಸತ್ತವರ ಕಥಿ ಪ್ರತಿ ಊರಾಗ ಅದಾವ.

ಮೈಯಾಗಿನ ಕೊಬ್ಬು ಅಂದ್ರ ಹಗೇವೇ. ಡಾಕ್ಟರ್ ಬಾಯಿ ಹೇಳಿದ್ದು ಕೇಳಿ ನನಗ ಹಂಗ ಅನಿಸ್ತು. ಒಂದು ಕೆಜಿ ಕೊಬ್ಬಿನ್ಯಾಗ ಸುಮಾರು 7,700 ಕ್ಯಾಲೊರಿ ಕೂಡಿಟ್ಟಿರತೈತಿ. ಕುಂತು ಕೆಲಸ ಮಾಡೋ ಹೆಣ್ಣುಮಗಳಿಗೆ ನಾಕೂವರಿ ದಿನದ ಬುತ್ತಿ. ನನ್ನ ಮೈಯಾಗ ಬ್ಯಾಡಾದದ್ದು ಇಪ್ಪತ್ತು ಕೆಜಿ ಅಂತ ಹಿಡಿರಿ, ಮೂರು ತಿಂಗಳ ಬುತ್ತಿ ಹೊತ್ತುಕೊಂಡು ಮ್ಯಾಳಗಿ ಹತ್ತತಿದ್ದೆ. ಬರ ಬಂದ್ರ ಬೇಕಾಗತೈತಿ ಅಂತ ಮೈ ಕೂಡಿಡತೈತಿ. ಅದಕ್ಕೇನು ಗೊತ್ತು, ಬರ ಬರೂದು ನಿಂತೈತಿ ಅಂತ.

ನಿಂತದ್ದು ಯಾವಾಗ? ನಮ್ಮ ಮನಿ ಲೆಕ್ಕದಾಗ 1972ಕ್ಕ. ನಾನು ಕೂಸು. ಅವತ್ತು ಅಮೇರಿಕಾದಿಂದ ಬಂದ ಕೆಂಪು ಜೋಳ ತಿಂದದ್ದು, ರಸ್ತೆಕ್ಕ ಜಲ್ಲಿಕಲ್ಲು ಒಡದದ್ದು ಅವ್ವ ಈಗಲೂ ಹೇಳತಾಳ. ಆ ವರ್ಷ ಆಯಿ ಡಾಬು ಸಾವುಕಾರನ ಮನ್ಯಾಗ ಗಿರವಿ ಹೋತು, ಎರಡು ಚೀಲ ಜೋಳಕ್ಕ. ಬಿಡಿಸಿಕೊಂಡು ಬಂದದ್ದು ಎರಡು ವರ್ಷಕ್ಕ. ಹಿಡಿ ಹಿಡಿಯಾಗಿ ಕೂಡಿದ್ದು ಒಂದು ಮನಿ ಮಂದಿನ ಉಳಿಸ್ತು.

ಆಮ್ಯಾಲ ಒಂದೊಂದೇ ಬದಲಾತು. ತುಂಗಭದ್ರಾ ಡ್ಯಾಮಿಗೆ ಅಡಿಗಲ್ಲು ಇಟ್ಟದ್ದು 1945ರಾಗ, ನೀರು ಬಿಟ್ಟದ್ದು 1953ರಾಗ. ಎಡದಂಡಿ ಕಾಲುವಿ ಸಿಂಧನೂರು ಕಡಿ ಎರಿ ಹೊಲನೆಲ್ಲಾ ಗದ್ದಿ ಮಾಡ್ತು, ಆಂಧ್ರದವರು ಬಂದು ಕ್ಯಾಂಪು ಕಟ್ಟಿದ್ರು. ನಮ್ಮ ತಾಲೂಕಿಗೆ ನಾರಾಯಣಪುರದ ಬಲದಂಡಿ ಕಾಲುವಿ ಬಂದದ್ದು ಬಾಳ ತಡ. ಆದ್ರ ಅಕ್ಕಿ ಕಾಲುವಿಗಿಂತ ಮುಂಚೇನ ಬಂತು. ನಾವು ಸಣ್ಣವರಿದ್ದಾಗ ಅನ್ನ ಅಂದ್ರ ಹಬ್ಬಕ್ಕ, ಬೀಗರು ಬಂದ್ರ, ಇಲ್ಲಾ ಜ್ವರ ಬಂದ್ರ. ಅನ್ನ ತಿನ್ನಾಕ ಜ್ವರ ಬಂದಂಗ ಮಾಡತಿದ್ವಿ. 1986ರಾಗ ಬಾಪಟ್ಲಾದವರು ಬಿಟ್ಟ ತಳಿ ನಮ್ಮ ಕಡಿ ಸೋನಾ ಅಂತ ಹೆಸರಾಗಿ ಮನಿಮನಿಗೆ ಬಂತು. 1994ರಾಗ ಪಾಮ್ ಎಣ್ಣಿ ಹೊರದೇಶದಿಂದ ತರಾಕ ಸರಕಾರ ಬಿಟ್ಟುಕೊಟ್ಟಿತು, ಗಾಣದ ಕುಸುಬಿ ಎಣ್ಣಿ ಹಿಂದ ಸರೀತು. 2013ರಾಗ ಅನ್ನಭಾಗ್ಯ. ನಾನು ಇದನ್ನ ಬೈಯೂದಿಲ್ಲ. ಖಾಲಿ ಗಡಿಗಿ ನೋಡಿದವರು ಯಾರೂ ಬೈಯೂದಿಲ್ಲ. ಆದ್ರ ಜೋಳ ಹಸನ ಮಾಡಿ, ಬೀಸಿ, ನಾದಿ, ಬಡದು, ಬೇಯಿಸಿ ತಿನ್ನೋದಕ್ಕೂ ಕುಕ್ಕರಿನ್ಯಾಗ ಮೂರು ಸೀಟಿ ಹೊಡಿಸಿ ತಿನ್ನೋದಕ್ಕೂ ಫರಕ್ ಐತಿ. ಬೀಸೋಕಲ್ಲು ಹೋತು, ಗಿರಣಿ ಬಂತು. ಬಾವಿ ಹೋತು, ನಳ ಬಂತು. ಕಟ್ಟಿಗಿ ಹೋತು, ಗ್ಯಾಸ್ ಬಂತು. ಒಂದೊಂದು ಬಂದಾಗಲೂ ನಾವು ಕೈ ಮುಗದೀವಿ. ನಾನಂತೂ ಬೀಸೋಕಲ್ಲು ವಾಪಸ್ ತಗೊಂಡು ಬಾ ಅಂದ್ರ ಆಗೂದಿಲ್ಲ ಅಂತೀನಿ. ಮೈ ದುಡಿಯೋ ಖರ್ಚು ಇಳೀತು, ಉಣ್ಣೋ ಜಮಾ ಏರ್ತು, ಅಷ್ಟೇ.

ಇದರಾಗ ಯಾವುದೋ ಒಂದಕ್ಕ ತಪ್ಪು ಹೊರಿಸಾಕ ಬರೂದಿಲ್ಲ. ಲೆಕ್ಕ ಹಾಕಿ ನೋಡಿದ್ರ ಹೆದರಿಕಿ ಬರತೈತಿ. 7,700ನ್ನ 365ರಿಂದ ಭಾಗಿಸಿದ್ರ 21 ಬರತೈತಿ. ಒಂದು ಚಮಚ ಸಕ್ರಿಯಾಗ 20 ಕ್ಯಾಲೊರಿ ಇರತೈತಿ. ಅಂದ್ರ ಬೇಕಾದದ್ದಕ್ಕಿಂತ ದಿನಕ್ಕ ಒಂದೇ ಚಮಚ ಸಕ್ರಿ ಹೆಚ್ಚಾದ್ರ ವರ್ಷಕ್ಕ ಹತ್ರಹತ್ರ ಒಂದು ಕೆಜಿ. ಮೈ ಇಷ್ಟು ನೇರ ಲೆಕ್ಕ ಇಡೂದಿಲ್ಲ, ಅದೂ ಒಂಚೂರು ಹೊಂದಿಸಿಕೊಳ್ಳತೈತಿ, ಖರೇ. ಆದ್ರ ದಿಕ್ಕು ಅದೇ. ಮದುವ್ಯಾದಾಗ ನಾನು 49 ಕೆಜಿ. ಮೂವತ್ತು ವರ್ಷಕ್ಕ 79. ವರ್ಷಕ್ಕ ಒಂದೇ ಕೆಜಿ! ಯಾವ ವರ್ಷನೂ "ಈ ವರ್ಷ ದಪ್ಪಾದೆ" ಅಂತ ಅನಿಸಲೇ ಇಲ್ಲ. ದಿನಕ್ಕ ಐದು ಸಲ ಚಾ, ಸಲಕ್ಕ ಎರಡು ಚಮಚ ಸಕ್ರಿ. ಮಕ್ಕಳು ತಾಟಿನ್ಯಾಗ ಬಿಟ್ಟದ್ದು ಚೆಲ್ಲಬಾರದು ಅಂತ ನನ್ನ ಹೊಟ್ಟಿಗೆ.

ಸಾಲನೂ ಹಿಂಗೇ ಬೆಳದಿದ್ದು. ಒಂದು ಮದುವಿ ಅಲ್ಲ, ಮದುವಿ ಮ್ಯಾಲಿನ ಬಟ್ಟಿ, ಬಟ್ಟಿ ಮ್ಯಾಲಿನ ಪೆಂಡಾಲು, ಅದರ ಮ್ಯಾಲ "ಇಷ್ಟು ಮಾಡೀರಿ, ಇನ್ನೊಂದು ಹತ್ತು ಸಾವಿರ ಯಾಕ ನೋಡತೀರಿ" ಅನ್ನೋರ ಮಾತು. ಆಯಿ ಕಾಲದಾಗ ಜೋಳ ಸಾಲ ತಂದ್ರ ಸುಗ್ಗಿಗೆ ಒಂದಕ್ಕ ದೀಡ ಕೊಡಬೇಕಿತ್ತು. ಈಗ ದೀಡ ಅನ್ನೂದಿಲ್ಲ, ಎರಡು ರೂಪಾಯಿ, ಮೂರು ರೂಪಾಯಿ ಅಂತಾರ, ಸಣ್ಣದಾಗಿ ಕೇಳಸತೈತಿ. ಮೂರು ರೂಪಾಯಿ ಬಡ್ಡಿ ಕಟ್ಟದ ಬಿಟ್ಟು ಬಡ್ಡಿಗೆ ಬಡ್ಡಿ ಹತ್ತಿದ್ರ ಎರಡು ವರ್ಷಕ್ಕ ಸಾಲ ಎರಡರಷ್ಟು. ವಾರದ ಕಂತಿನ ಸಾಲ ತಗೊಂಡು ಒಂದು ಕಂತಿಗೆ ಇನ್ನೊಂದು ಸಾಲ ಮಾಡಿದ ಅಕ್ಕಗೋಳು ನಮ್ಮ ಓಣ್ಯಾಗನ ಅದಾರ. ಅವರಿಗೆ ನಾನು ಹೇಳಬೇಕಾದ್ದಿಲ್ಲ.

ಮೊದಲು ನಾನು ಮಾಡಿದ್ದು ತಪ್ಪು. ಯಾರೋ ಹೇಳಿದ್ರು ಅಂತ ಒಂದು ಡಬ್ಬಿ ಪೌಡರು ತರಿಸಿದೆ, 2,400 ರೂಪಾಯಿ, ಅದೂ ಉದ್ರಿ. ಎರಡು ಹೊತ್ತು ಪೌಡರು, ಒಂದು ಹೊತ್ತು ಸೌತಿಕಾಯಿ. ಹನ್ನೊಂದು ದಿನಕ್ಕ ನಾಕು ಕೆಜಿ ಇಳೀತು. ಓಣಿಗೆಲ್ಲಾ ಹೇಳಿಕೊಂಡು ಬಂದೆ. ಹನ್ನೆರಡನೇ ದಿನ ತಲಿ ತಿರುಗಿ ಬಚ್ಚಲದಾಗ ಬಿದ್ದೆ. ಆಮ್ಯಾಲ ಒಂದೂವರಿ ತಿಂಗಳಿನ್ಯಾಗ ನಾಕೂ ಬಂತು. ಆ ಇಳದ ನಾಕರಾಗ ಹೆಚ್ಚಿಂದು ನೀರು ಅಂತ ಡಾಕ್ಟರ್ ಬಾಯಿ ಹೇಳಿದ್ರು. ಅವಸರಕ್ಕ ಇಳಿಸಿದ್ರ ಪಿತ್ತಕೋಶದಾಗ ಹರಳಾಗತಾವ, ಖಂಡ ಕರಗತೈತಿ ಅಂತನೂ ಅಂದ್ರು. ನಮ್ಮ ಮನಿಯವರು ಅದೇ ಹೊತ್ತಿಗೆ, ಸಾಲ ಒಮ್ಮೆಗೆ ತೀರಸತೀನಿ ಅಂತ ಹೇಳದ ಕೇಳದ ಒಂದು ಚೀಟಿಗೆ 15,000 ಹಾಕಿದ್ರು, ನಡಸೋನು ಊರು ಬಿಟ್ಟ. ನನ್ನ ಪೌಡರಿಗೆ ಅವರು ಬೈಯಲಿಲ್ಲ, ಅವರ ಚೀಟಿಗೆ ನಾನು ಬೈಯಲಿಲ್ಲ. ಇಬ್ಬರೂ ಕಂದೀಲು ಇಳಿಸದೇ ಹಗೇವಿಗೆ ಇಳಿದವರೇ.

ಆಮ್ಯಾಲ ಆಯಿ ಗಡಿಗಿ ನೆನಪಾತು. ಒಂದು ಹಿಡಿ. ನೂರು ಪುಟದ ಒಂದು ಬುಕ್ಕು ತಂದು ಎಡಗಡಿ ತೂಕ, ಬಲಗಡಿ ಸಾಲ ಬರದೆ. ಅಡಿಗಿಗೆ ಇಡೋ ಅಕ್ಕಿಯಾಗ ಒಂದು ಹಿಡಿ ವಾಪಸ್ ಡಬ್ಬಿಗೆ. ಚಾ ಐದರಿಂದ ಮೂರಕ್ಕ, ಎರಡು ಚಮಚ ಒಂದಕ್ಕ. ಎಣ್ಣಿ ಡಬ್ಬಿ ಬಗ್ಗಿಸೂದು ಬಿಟ್ಟು ಚಮಚದಿಂದ ಹಾಕೂದು. ರಾತ್ರಿ ಅನ್ನದ ಬದಲು ಒಂದೂವರಿ ಜೋಳದ ರೊಟ್ಟಿ, ಬ್ಯಾಳಿ ಪಲ್ಯೆ, ಗುರೆಳ್ಳು ಪುಡಿ. ಸಂಜಿಕೆ ಅಮರೇಶ್ವರ ಗುಡಿ ದಾರಿ ಹಿಡದು ನಡಿಯೂದು, ಜೋಡಿಗೆ ಓಣಿ ಇಬ್ಬರು ಅಕ್ಕಗೋಳು. ಅವರ ಮನಿಯವರು ಹಟ್ಟಿ ಗಣಿಗೆ ಹೋಗತಾರ. "ಒಂದು ಟನ್ ಕಲ್ಲು ಅರದ್ರ ಸಿಗೂದು ನಾಕಾರು ಗ್ರಾಂ ಬಂಗಾರ" ಅಂತ ಅವರು ಹೇಳಿದಾಗಿಂದ ನನ್ನ ತೂಕ ತಿಂಗಳಿಗೆ 400 ಗ್ರಾಂ ಇಳದಾಗ ಬೇಜಾರು ಆಗೂದು ನಿಂತಿತು.

ದಿನಾ ತೂಗಬ್ಯಾಡ್ರಿ. ಉಪ್ಪಿನಕಾಯಿ ಹೆಚ್ಚು ತಿಂದ ಮರುದಿನ ಮೈಯಾಗ ನೀರು ನಿಂತು ಕೆಜಿ ಏರತೈತಿ. ಪಗಾರ ಬಂದ ದಿನ ಕೈಯಾಗ ರೊಕ್ಕ ಕಂಡಂಗ, ಅದು ನಮ್ಮದಲ್ಲ. ನಾನು ಅಮಾಸಿಗೊಮ್ಮೆ, ಹುಣ್ಣಿಮಿಗೊಮ್ಮೆ ತೂಗತೀನಿ, ನೆನಪಿಡಾಕ ಸರಳ.

ಸಾಲಕ್ಕ ತಿಂಗಳಿಗೆ 7,000 ಅಂತ ಗಂಟು ಹಾಕಿದ್ವಿ. ನಮ್ಮವರ ದುಡಿಮಿ, ಮಗನ ಪಾಲು, ನನ್ನ ಹೊಲಿಗಿ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿ 2,000 ಚಾಲೂ ಆದ ಮ್ಯಾಲ ಮಗನ ಪಾಲು ಕಡಿಮಿ ಆತು, ಆದ್ರ 7,000 ತಪ್ಪಲಿಲ್ಲ. ಉಳಿದ ಅಸಲಿನ ಮ್ಯಾಲ ಅಷ್ಟೇ ಬಡ್ಡಿ ಹಿಡಿಬೇಕು ಅಂತ ಮೊದಲೇ ಬರಸಿಕೊಂಡಿದ್ವಿ. ಇದನ್ನ ಕೇಳಾಕ ನಾಚಬ್ಯಾಡ್ರಿ. ಮೊದಲ ವರ್ಷ 84,000 ಕಟ್ಟೀವಿ, ಅಸಲು ಇಳದದ್ದು 45,600 ಅಷ್ಟೇ. ಉಳಿದದ್ದೆಲ್ಲಾ ಬಡ್ಡಿಗೆ. ಅವತ್ತು ನಾನು ಅತ್ತೆ. ಎರಡನೇ ವರ್ಷ ಅಷ್ಟೇ ಕಟ್ಟಿದ್ರ ಇಳದದ್ದು 57,800. ಮೂರನೇ ವರ್ಷ 73,000ಕ್ಕ ಹೆಚ್ಚು. ಕಟ್ಟೋದು ಅಷ್ಟೇ, ಸಾಲ ಸಣ್ಣಾದಷ್ಟು ಬಡ್ಡಿ ಸಣ್ಣಾಗತೈತಿ, ಇಳಿಯೋ ಜೋರು ಹೆಚ್ಚಾಗತೈತಿ.

ಎಡಗಡಿ ಪುಟ ಉಲ್ಟಾ. ಮೊದಲ ವರ್ಷ 79ರಿಂದ 72. ಎರಡನೇ ವರ್ಷ 72ರಿಂದ 69. ಮೂರನೇ ವರ್ಷ ಒಂದೇ ಕೆಜಿ. ಊಟ ಅಷ್ಟೇ, ನಡಿಗಿ ಅಷ್ಟೇ, ಆದ್ರ ಇಳಿಯೋದು ಕಮ್ಮಿ. ಸಾಲಕ್ಕೂ ಮೈಗೂ ಹೋಲಿಕಿ ಇಲ್ಲಿಗೆ ಮುರದು ಬೀಳತೈತಿ. ಮೈ ಸಣ್ಣಾದಷ್ಟು ಅದರ ಖರ್ಚು ಕಡಿಮಿ, ಹಗುರಾದ ಬಂಡಿ ಎಳಿಯಾಕ ಕಡಿಮಿ ಶಕ್ತಿ. ಅದರ ಮ್ಯಾಲ ಬರ ಬಂತು ಅಂತ ತಿಳಕೊಂಡು ಮೈ ಜುಗ್ಗತನ ಮಾಡತೈತಿ, ಹಸಿವಿ ಹೆಚ್ಚು ಮಾಡತೈತಿ. 1958ರಾಗ ಅಮೇರಿಕಾದ ವಿಷ್ನಾಫ್‌ಸ್ಕಿ ಅನ್ನೋ ಡಾಕ್ಟರ್ ಒಂದು ಪೌಂಡಿಗೆ 3,500 ಕ್ಯಾಲೊರಿ ಅಂತ ಲೆಕ್ಕ ಕೊಟ್ಟ. ನಾನು ಮ್ಯಾಲ ಹಾಕಿದ 7,700 ಅದೇ ಲೆಕ್ಕದ್ದು. ಬಾಳ ವರ್ಷ ಎಲ್ಲಾರೂ ಅದನ್ನ ಹಿಡದು, ಇಷ್ಟು ಬಿಟ್ರ ಇಷ್ಟು ತಿಂಗಳಿಗೆ ಇಷ್ಟು ಇಳೀತೈತಿ ಅಂತ ನೇರ ಗೆರಿ ಎಳದರು. ಮೈ ನೇರ ಗೆರಿ ಮ್ಯಾಲ ನಡಿಯೂದಿಲ್ಲ ಅಂತ ಈಚೆಗೆ ತಿಳಿದವರು ಹೇಳತಾರ. ಇದು ನನಗ ಮೊದಲೇ ಗೊತ್ತಿದ್ರ ಮೂರನೇ ವರ್ಷ ಅಷ್ಟು ಕುಗ್ಗತಿದ್ದಿಲ್ಲ. ಸಾಲಗಾರಗ ಕಷ್ಟ ಮೊದಲು, ತೂಕದವರಿಗೆ ಕಷ್ಟ ಆಮ್ಯಾಲ.

ಇದನ್ನ ಓದಿ ಎಲ್ಲಾರೂ ಹಿಡಿ ತಗಿಯಾಕ ಹತ್ತಬ್ಯಾಡ್ರಿ. 2019-21ರ ಕುಟುಂಬ ಆರೋಗ್ಯ ಸಮೀಕ್ಷಿಯಾಗ ದೇಶದಾಗ ನೂರಕ್ಕ 24 ಹೆಣ್ಣುಮಕ್ಕಳು ತೂಕ ಹೆಚ್ಚಿದ್ದವರು, ಹತ್ರಹತ್ರ 19 ಮಂದಿ ತೀರ ಬಡಕಲು. ನಮ್ಮ ಓಣ್ಯಾಗ ಅತ್ತಿ ದಪ್ಪ, ಸೊಸಿ ಒಣಕಲು ಇರೋ ಮನಿ ಬೆರಳು ಮಾಡಿ ತೋರಿಸತೀನಿ. ಸೊಸಿ ತಾಟಿನ್ಯಾಗಿನ ಹಿಡಿ ತಗಿಬ್ಯಾಡ್ರಿ. ಬಸರಿದ್ದವರು, ಮೊಲಿ ಕುಡಿಸೋರು, ಸಕ್ರಿ ಗುಳಗಿ ನುಂಗೋರು ಡಾಕ್ಟರನ್ನ ಕೇಳದ ಏನೂ ಮಾಡಬ್ಯಾಡ್ರಿ.

ಒಂದು ಮಾತು ಮುಚ್ಚಿಡೂದಿಲ್ಲ. ಮೊದಲ ವರ್ಷ ಅಳೋವಾಗ ನಮ್ಮವರು ಡಾಬು ಮಾರೂಣು ಅಂದಿದ್ರು. ಇಪ್ಪತ್ತು ಸಾವಿರದ ಮ್ಯಾಲ ಬರತಿತ್ತು, ತಿಂಗಳಿಗೆ 400 ರೂಪಾಯಿ ಬಡ್ಡಿ ಉಳಿತಿತ್ತು. ಲೆಕ್ಕಕ್ಕ ಅವರು ಹೇಳಿದ್ದೇ ಖರೆ. ನಾನು ಒಲ್ಲೆ ಅಂದೆ, ಎರಡು ದಿನ ಮಾತಾಡಲಿಲ್ಲ. ಬರಕ್ಕ ಗಿರವಿ ಇಟ್ಟದ್ದನ್ನ ಪೆಂಡಾಲಿನ ಸಾಲಕ್ಕ ಮಾರಾಕ ನನ್ನ ಕೈಲಿಂದ ಆಗಲಿಲ್ಲ. ತಪ್ಪು ಅಂದ್ರ ತಪ್ಪು ಅನ್ರಿ.

ಈ ಯುಗಾದಿಗೆ ಉಳಿದಿದ್ದ ಮೂರು ಸಾವಿರ ಚಿಲ್ರಿ ಕೊಟ್ಟು ಪತ್ರ ವಾಪಸ್ ತಂದ್ವಿ. ತೂಕ 68ಕ್ಕ ಕುಂತೈತಿ, ಸಕ್ರಿ ಹೊಸ್ತಿಲದಾಚೆ ಸರದೈತಿ. ಡಾಬು ಇನ್ನಾ ನಾಕು ಬೆರಳು ಕಡಿಮಿ. ಪತ್ತಾರ ನಡುವ ಎರಡು ಬಿಲ್ಲಿ ಕೂಡಿಸಿ ಕೊಡತೀನಿ ಅಂತಾನ, ವೈನಿ ಹಾಕಿಸಿಬಿಡು ಅಂತಾರ, ಅವ್ವ ಬ್ಯಾಡ ಅಂತಾಳ. ನಾನು ಯಾರಿಗೂ ಹೂಂ ಅಂದಿಲ್ಲ. ಅವ್ವನ ಬಾಯಿಂದ ಹಗೇವಿನ ಸುದ್ದಿ ಇನ್ನಾ ಬರಸಿಕೊಳ್ಳೂದೈತಿ. ನಿಮ್ಮ ತವರುಮನ್ಯಾಗ ಹಗೇವು ಎಲ್ಲಿತ್ತು, ಎಷ್ಟು ಚೀಲ ಹಿಡಿತಿತ್ತು, ಯಾವಾಗ ಮುಚ್ಚಿದ್ರು ಅಂತ ಗೊತ್ತಿದ್ರ ನನಗೊಂದು ಫೋನ್ ಮಾಡಿ ಹೇಳ್ರಿ. ಮಧ್ಯಾಹ್ನ ಮೂರರ ಮ್ಯಾಲ, ಅಷ್ಟೊತ್ತಿಗೆ ಭಾಂಡಿ ತಿಕ್ಕಿ ಆಗಿರತೈತಿ.